ದೋಣಿಯ ಔಟ್‌ಬೋರ್ಡ್ ಮೋಟಾರಿನಲ್ಲಿ ಬೋಲ್ಟ್ ಹಿಡಿಯದಿದ್ದರೆ: ಸವೆದ ಥ್ರೆಡ್‌ನ ದೋಷ ಪತ್ತೆ ಮತ್ತು ದುರಸ್ತಿ

ಸ್ಪ್ಯಾನರ್ ತಿರುಗಿಸಿದಂತೆಲ್ಲ ಕೈಗೆ ಬಿಗಿ ಸಿಗುತ್ತಾ ಹೋಗಬೇಕು. ಸಿಕ್ಕ ಬಿಗಿ ಇದ್ದಕ್ಕಿದ್ದಂತೆ ತಪ್ಪಿ, ಬೋಲ್ಟ್ ಮೆತ್ತಗೆ ಜಾರಿ ಮುಂದಕ್ಕೆ ತಿರುಗಿತೆಂದರೆ ಅಲ್ಲಿಗೆ ಕೈ ನಿಲ್ಲಿಸಿ. ಇನ್ನೊಂದು ಕಾಲು ಸುತ್ತು ಕೊಟ್ಟು ನೋಡೋಣ ಎಂದು ಮನಸ್ಸು ಎಳೆಯುತ್ತದೆ. ಅಳಿದುಳಿದ ನಾಲ್ಕು ಎಳೆಗಳು ಕಿತ್ತು ಬರುವುದು ಆ ಕಾಲು ಸುತ್ತಿನಲ್ಲಿಯೇ.

ಥ್ರೆಡ್ (ಬೋಲ್ಟ್ ಕಚ್ಚಿಕೊಳ್ಳುವ ಸುರುಳಿ ಎಳೆಗಳು) ಹೋಯಿತು ಎಂದು ಗೊತ್ತಾದ ತಕ್ಷಣ ಬಹುತೇಕರು ಡ್ರಿಲ್ ಎತ್ತಿಕೊಳ್ಳುತ್ತಾರೆ. ನನ್ನ ಪ್ರಕಾರ ಅದು ಕಟ್ಟಕಡೆಗೆ ಕೈಗೆ ಬರಬೇಕಾದ ಉಪಕರಣ. ಉಪ್ಪುನೀರು ತಿಂದ ಥ್ರೆಡ್, ವಿಪರೀತ ಬಿಗಿದು ಕಿತ್ತ ಥ್ರೆಡ್, ತಪ್ಪು ಬೋಲ್ಟ್ ಹಾಕಿ ಕೆಡಿಸಿದ ಥ್ರೆಡ್, ಬೋಲ್ಟ್ ಗಿಡ್ಡವಾಗಿದ್ದರಿಂದ ಮೇಲ್ಭಾಗದಲ್ಲಷ್ಟೇ ಹೋದ ಥ್ರೆಡ್: ಕೈಗೆ ಎಲ್ಲವೂ ಒಂದೇ ರೀತಿ ಸಡಿಲವಾಗಿಯೇ ತೋರುತ್ತವೆ, ಆದರೆ ಪರಿಹಾರ ಒಂದೊಂದಕ್ಕೂ ಬೇರೆ. ಕೆಲವಕ್ಕೆ ಕೊರೆಯುವ ಅಗತ್ಯವೇ ಇಲ್ಲ. ಅಲ್ಯೂಮಿನಿಯಂ ಎರಕವನ್ನು ಒಮ್ಮೆ ಕೊರೆದರೆ ತೆಗೆದ ಲೋಹವನ್ನು ಮತ್ತೆ ಸೇರಿಸಲು ವೆಲ್ಡಿಂಗ್ ಬಿಟ್ಟರೆ ದಾರಿಯಿಲ್ಲ. ಆದ್ದರಿಂದ ಇಲ್ಲಿ ಹೆಚ್ಚಿನ ಜಾಗ ಪತ್ತೆಗೇ ಮೀಸಲು.

ಕೆಲಸ ಶುರು ಮಾಡುವ ಮೊದಲು ಇಂಧನದ ಪೈಪ್ ಕಳಚಿ, ಟ್ಯಾಂಕ್ ದೂರವಿಡಿ, ಬ್ಯಾಟರಿಯ ಸಂಪರ್ಕ ತೆಗೆಯಿರಿ, ಸ್ಪಾರ್ಕ್ ಪ್ಲಗ್‌ಗಳ ತಂತಿಗಳನ್ನು ಬಿಡಿಸಿ. ಮುಂದೆ ಬೋಲ್ಟನ್ನು ಕಾಯಿಸಬೇಕಾಗಿ ಬರಬಹುದು. ಎಂಜಿನ್ ಮುಚ್ಚಳದೊಳಗೆ ಪೆಟ್ರೋಲ್ ಆವಿ ಉಳಿದಿರಲೇಬಾರದು.

ಮೊದಲು ಬೋಲ್ಟ್ ನೋಡಿ

ಬೋಲ್ಟನ್ನು ಹೊರತೆಗೆದು ಒರೆಸುವ ಮೊದಲೇ ಬೆಳಕಿಗೆ ಹಿಡಿಯಿರಿ. ಅದು ಹೊತ್ತು ತಂದದ್ದೇ ಅರ್ಧ ಉತ್ತರ.

ಬೋಲ್ಟಿನ ಎಳೆಗಳ ಸಂದಿಯಲ್ಲಿ ಹೊಳೆಯುವ ತೆಳ್ಳನೆಯ ಲೋಹದ ತಂತಿ ಸುರುಳಿ ಸುತ್ತಿಕೊಂಡು ಬಂದಿದ್ದರೆ, ಅದು ರಂಧ್ರದೊಳಗಿನ ಥ್ರೆಡ್. ಬುಡದಿಂದ ಕತ್ತರಿಸಿಕೊಂಡು ಇಡಿಯಾಗಿ ಬಂದಿದೆ. ಉಗುರಿನಿಂದ ಅದರ ತುದಿ ಎಬ್ಬಿಸಿ ಬಿಚ್ಚಿದರೆ ಎಷ್ಟು ಸುತ್ತು ಕಿತ್ತಿದೆ ಎಂಬುದನ್ನೂ ಎಣಿಸಬಹುದು. ಸುರುಳಿ ಹೊಳಪಾಗಿದ್ದರೆ ಲೋಹ ಆರೋಗ್ಯವಾಗಿತ್ತು, ಬಲ ಹೆಚ್ಚಾಯಿತು ಎಂದರ್ಥ. ಬೋಲ್ಟಿನ ಯಾವ ಭಾಗದಲ್ಲಿ ಸುರುಳಿ ಇದೆ ಎಂಬುದನ್ನೂ ಗಮನಿಸಿ. ತುದಿಯ ನಾಲ್ಕೈದು ಎಳೆಗಳಲ್ಲಿ ಮಾತ್ರ ಇದ್ದರೆ ಆ ಬೋಲ್ಟ್ ರಂಧ್ರದೊಳಗೆ ಅಷ್ಟೇ ದೂರ ಹೋಗುತ್ತಿತ್ತು. ಅಂದರೆ ಗಿಡ್ಡ ಬೋಲ್ಟ್.

ಸುರುಳಿಯ ಬದಲು ಸುಣ್ಣದಂಥ ಬಿಳಿ ಪುಡಿ ಅಂಟಿಕೊಂಡಿದ್ದರೆ ಅದು ಅಲ್ಯೂಮಿನಿಯಂನ ತುಕ್ಕು. ಇಲ್ಲಿ ಥ್ರೆಡ್ ಕಿತ್ತದ್ದು ಇಂದು, ಸತ್ತದ್ದು ಯಾವಾಗಲೋ. ಇಂಥ ರಂಧ್ರದಲ್ಲಿ ಕಣ್ಣಿಗೆ ಕಾಣುವ ಎಳೆಗಳನ್ನೂ ನಂಬಬೇಡಿ. ಒಳಗೆ ಲೋಹ ಪೊಳ್ಳಾಗಿರುತ್ತದೆ.

ಬೋಲ್ಟಿನದೇ ಎಳೆಗಳು ಚಪ್ಪಟೆಯಾಗಿದ್ದರೆ, ಅದರಲ್ಲೂ ಮೊದಲ ಎರಡು ಮೂರು ಎಳೆಗಳು ಒಂದೇ ಪಕ್ಕಕ್ಕೆ ಮಲಗಿದ್ದರೆ, ಬೋಲ್ಟನ್ನು ಓರೆಯಾಗಿ ಕೂರಿಸಿ ತಿರುಗಿಸಿದ್ದಾರೆ. ಉಕ್ಕಿನ ಬೋಲ್ಟೇ ಇಷ್ಟು ಕೆಟ್ಟಿದ್ದರೆ ಅಲ್ಯೂಮಿನಿಯಂ ರಂಧ್ರದ ಬಾಯಿ ಇನ್ನೂ ಹೆಚ್ಚು ಕೆಟ್ಟಿರುತ್ತದೆ. ಆದರೆ ಹಾನಿ ಬಾಯಲ್ಲಿ ಮಾತ್ರ ಇದ್ದು ಒಳಗಿನದು ಚೆನ್ನಾಗಿ ಉಳಿದಿರುವುದೂ ಉಂಟು.

ನಾಲ್ಕನೆಯ ಸಾಧ್ಯತೆಯೊಂದಿದೆ, ಥ್ರೆಡ್ ಹೋಗಿದೆ ಎಂದು ತಪ್ಪು ತಿಳಿಯುವುದು ಇದರಲ್ಲೇ ಹೆಚ್ಚು. ಬೋಲ್ಟ್ ಗಟ್ಟಿಯಾಗಿ ಬಿಗಿಯಾಗುತ್ತದೆ, ಆದರೂ ಮುಚ್ಚಳ ಅಲುಗಾಡುತ್ತದೆ ಅಥವಾ ಗ್ಯಾಸ್ಕೆಟ್ (ಮುಚ್ಚಳದಡಿಯ ಸೋರಿಕೆ ತಡೆಯುವ ಪದರ) ಸೋರುತ್ತದೆ. ಇಲ್ಲಿ ಬೋಲ್ಟ್ ರಂಧ್ರದ ತಳಕ್ಕೆ ತಾಗಿ ನಿಂತಿರುತ್ತದೆ. ವಾಷರ್ ಬಿಟ್ಟುಹೋಗಿದೆ, ಪಕ್ಕದ ರಂಧ್ರದ ಉದ್ದನೆಯ ಬೋಲ್ಟ್ ಇಲ್ಲಿಗೆ ಬಂದಿದೆ, ಇಲ್ಲವೇ ತಳದಲ್ಲಿ ಹಳೆಯ ಪುಡಿ ಗಟ್ಟಿ ಕೂತಿದೆ. ಇದನ್ನು ಬಲದಿಂದ ಗೆಲ್ಲಲು ಹೋದರೆ ಥ್ರೆಡ್ ಕೀಳುತ್ತದೆ ಅಥವಾ ಎರಕವೇ ಸೀಳುತ್ತದೆ. ಆರಪಾರು ಹೋಗದ ರಂಧ್ರಕ್ಕೆ ಗ್ರೀಸ್ ತುಂಬಿ ಬೋಲ್ಟ್ ಹಾಕಿದರೂ ಇದೇ ಗತಿ: ಹೊರಬರಲು ಜಾಗವಿಲ್ಲದ ಗ್ರೀಸ್ ಒತ್ತಡಕ್ಕೆ ಸಿಕ್ಕಿ ತೆಳುವಾದ ಗೋಡೆಯನ್ನು ಬಿರುಕು ಬಿಡಿಸಬಲ್ಲದು.

ರಂಧ್ರದ ತಪಾಸಣೆ

ಮೊದಲು ಶುಚಿ ಮಾಡಿ. ನೈಲಾನ್ ಬ್ರಷ್, ಕಾರ್ಬ್ಯುರೇಟರ್ ಕ್ಲೀನರ್, ಆಮೇಲೆ ಒತ್ತಿದ ಗಾಳಿ. ಗಾಳಿ ಬಿಡುವಾಗ ಕಣ್ಣಿಗೆ ಕನ್ನಡಕ ಇರಲಿ, ಏಕೆಂದರೆ ತಳಮುಚ್ಚಿದ ರಂಧ್ರದಿಂದ ಕಸವೆಲ್ಲ ನೇರ ಮುಖಕ್ಕೇ ಹಾರುತ್ತದೆ. ನಂತರ ಸಣ್ಣ ಟಾರ್ಚ್ ಬೆಳಕಿನಲ್ಲಿ ನೋಡಿ. ಆರೋಗ್ಯವಾದ ಎಳೆಗಳು ಚೂಪಾದ ಗೆರೆಗಳಾಗಿ ಕಾಣುತ್ತವೆ. ಕಿತ್ತ ಭಾಗ ನುಣುಪಾದ ಕೊಳವೆಯ ಹಾಗೆ ಬೆಳಕನ್ನು ಒಂದೇ ಸಮನೆ ಹೊಳೆಸುತ್ತದೆ.

ಈಗ ಆಳ ಅಳೆಯಿರಿ. ವರ್ನಿಯರ್ ಕ್ಯಾಲಿಪರ್‌ನ ಹಿಂತುದಿಯ ಕಡ್ಡಿ ಇದಕ್ಕೆಂದೇ ಇರುವುದು. ಮುಚ್ಚಳದ ದಪ್ಪ, ಗ್ಯಾಸ್ಕೆಟ್, ವಾಷರ್ ಎಲ್ಲವನ್ನೂ ಬೋಲ್ಟಿನ ಉದ್ದದಿಂದ ಕಳೆದರೆ ಬೋಲ್ಟ್ ರಂಧ್ರದೊಳಗೆ ನಿಜವಾಗಿ ಎಷ್ಟು ಹೋಗುತ್ತದೆ ಎಂಬುದು ಸಿಗುತ್ತದೆ. ಅಲ್ಯೂಮಿನಿಯಂನಲ್ಲಿ ಬೋಲ್ಟ್ ತನ್ನ ವ್ಯಾಸದ ಒಂದೂವರೆ ಪಟ್ಟಿನಿಂದ ಎರಡು ಪಟ್ಟು ಆಳಕ್ಕೆ ಕಚ್ಚಿಕೊಂಡಿರಬೇಕು. ಎಂ6, ಅಂದರೆ 6 ಮಿ.ಮೀ. ವ್ಯಾಸದ ಬೋಲ್ಟಾದರೆ 9ರಿಂದ 12 ಮಿ.ಮೀ. ನಿಮ್ಮ ಲೆಕ್ಕದಲ್ಲಿ 5 ಅಥವಾ 6 ಮಿ.ಮೀ. ಬಂದರೆ ದೋಷಿ ಸಿಕ್ಕಿದ ಹಾಗೆಯೇ.

ಆಮೇಲೆ ಎಳೆಗಳ ನಡುವಣ ಅಂತರ, ಅಂದರೆ ಪಿಚ್. ಪಿಚ್ ಗೇಜ್ ಇಲ್ಲದೆ ಈ ಕೆಲಸಕ್ಕೆ ಕೈ ಹಾಕಬೇಡಿ. ಎಂ10 ಬೋಲ್ಟ್ 1.5 ಪಿಚ್‌ನಲ್ಲೂ ಬರುತ್ತದೆ, 1.25ರಲ್ಲೂ ಬರುತ್ತದೆ, ಎರಡನ್ನೂ ಪಕ್ಕದಲ್ಲಿಟ್ಟರೆ ಕಣ್ಣಿಗೆ ವ್ಯತ್ಯಾಸ ಸುಲಭವಾಗಿ ಕಾಣದು. ಹಳೆಯ ಅಮೆರಿಕನ್ ಮೋಟಾರುಗಳಲ್ಲಿ ಇಂಚಿನ ಅಳತೆಯ ಬೋಲ್ಟುಗಳಿರುತ್ತವೆ. ಇಂಚಿಗೆ 18 ಎಳೆಯ 5/16 ಬೋಲ್ಟಿನ ವ್ಯಾಸ 7.94 ಮಿ.ಮೀ., ಪಿಚ್ ಸುಮಾರು 1.41. ಅದು ಎಂ8ರ ರಂಧ್ರದಲ್ಲಿ ಮೊದಲ ಒಂದೆರಡು ಸುತ್ತು ಸಲೀಸಾಗಿ ಹೋಗಿ ಅನಂತರ ಬಿಗಿಯುತ್ತದೆ. ಆ ಬಿಗಿಯನ್ನು ಸರಿಯಾದ ಬಿಗಿ ಎಂದೇ ನಂಬಿ ತಿರುಗಿಸಿದವರು ಇಡೀ ಥ್ರೆಡ್ಡನ್ನು ಉಜ್ಜಿ ಹಾಳು ಮಾಡಿರುತ್ತಾರೆ. ಹಲವರ ಕೈ ದಾಟಿ ಬಂದ ಮೋಟಾರಿನಲ್ಲಿ ಈ ಅನುಮಾನವನ್ನೇ ಮೊದಲು ಇಟ್ಟುಕೊಳ್ಳಿ.

ಕೊನೆಯ ಪರೀಕ್ಷೆಗೆ ಸರಿಯಾದ ಅಳತೆಯ ಹೊಸ ಬೋಲ್ಟ್ ಬೇಕು. ಹಳೆಯದು ಕೆಟ್ಟಿರಬಹುದು, ಅದರ ಸಾಕ್ಷಿ ಸಾಲದು. ಹೊಸದನ್ನು ಬೆರಳಿನಿಂದಲೇ ತಿರುಗಿಸಿ ಒಳಗೆ ಬಿಡಿ, ಸ್ಪ್ಯಾನರ್ ಬೇಡ. ಪೂರ್ತಿ ಒಳಗೆ ಹೋದ ಮೇಲೆ ತಲೆಯನ್ನು ಹಿಡಿದು ಅಡ್ಡಡ್ಡ ಅಲ್ಲಾಡಿಸಿ, ನೇರಕ್ಕೆ ಎಳೆಯಿರಿ. ಅಲ್ಪಸ್ವಲ್ಪ ಆಟ ಎಲ್ಲ ಥ್ರೆಡ್‌ನಲ್ಲೂ ಇರುತ್ತದೆ. ಎಳೆದರೆ ಒಂದು ಎಳೆಯಷ್ಟು ಮೇಲೆ ಬಂದು ಟಕ್ಕೆಂದು ಹಾರಿದರೆ ಅಲ್ಲಿ ಹಿಡಿತವೇ ಉಳಿದಿಲ್ಲ. ಮೇಲೆ ಸಡಿಲ, ಆಳಕ್ಕೆ ಹೋದಂತೆ ಸರಿಯಾದ ಹಿಡಿತ ಎನಿಸಿದರೆ ಒಳ್ಳೆಯ ಸುದ್ದಿ.

ಕಾರಣ ತಿಳಿಯದೆ ಮುಂದೆ ಹೋಗಬೇಡಿ

ಔಟ್‌ಬೋರ್ಡ್‌ಗಳಲ್ಲಿ ಬಹುಪಾಲು ಎರಕಗಳು ಅಲ್ಯೂಮಿನಿಯಂ, ಬೋಲ್ಟುಗಳು ಸ್ಟೇನ್‌ಲೆಸ್ ಸ್ಟೀಲ್. ಎರಡು ಬೇರೆ ಲೋಹಗಳ ನಡುವೆ ಉಪ್ಪುನೀರು ಬಂದರೆ ಅದು ಒಂದು ಸಣ್ಣ ಬ್ಯಾಟರಿ. ಆ ಬ್ಯಾಟರಿಯಲ್ಲಿ ಕರಗುವುದು ಯಾವಾಗಲೂ ಅಲ್ಯೂಮಿನಿಯಂ. ಸ್ಟೇನ್‌ಲೆಸ್ ಹೊಸದರಂತೆ ಹೊಳೆಯುತ್ತಲೇ ಇರುತ್ತದೆ. ಕರಗಿದ ಅಲ್ಯೂಮಿನಿಯಂ ಬಿಳಿ ಪುಡಿಯಾಗಿ ಮೂಲ ಲೋಹಕ್ಕಿಂತ ಹೆಚ್ಚು ಜಾಗ ಹಿಡಿದು ಬೋಲ್ಟನ್ನು ಸುತ್ತಲಿಂದ ಅದುಮುತ್ತದೆ. ಒಂದೇ ಪ್ರಕ್ರಿಯೆಯಿಂದ ಥ್ರೆಡ್ ದುರ್ಬಲವೂ ಆಗುತ್ತದೆ, ಬೋಲ್ಟ್ ಬಿಚ್ಚದಂತೆ ಬಿಗಿಯೂ ಆಗುತ್ತದೆ. ಬಿಚ್ಚುವಾಗಲೇ ಥ್ರೆಡ್ ಕಿತ್ತು ಬರುವುದಕ್ಕೆ ಇದೇ ಕಾರಣ.

ಕಾರಣ ಇದಾಗಿದ್ದರೆ ಆ ಮೋಟಾರಿನ ಆನೋಡ್‌ಗಳನ್ನೂ ಇಂದೇ ನೋಡಿ. ಎರಕದ ಬದಲು ತಾವು ಕರಗಲೆಂದೇ ಅವನ್ನು ಹಾಕಿರುವುದು. ಅರ್ಧ ಕರಗಿದ್ದರೆ ಬದಲಾಯಿಸಬೇಕು. ಹೊಸದರಂತೆ ಒಂದಿಷ್ಟೂ ಕರಗದೆ ಉಳಿದಿದ್ದರೆ ಅದು ಸಂತೋಷಪಡುವ ವಿಷಯವಲ್ಲ: ಅದಕ್ಕೆ ಬಣ್ಣ ಬಳಿದಿದ್ದಾರೆ ಅಥವಾ ಅದರ ಕೆಳಗಿನ ಲೋಹದ ಸಂಪರ್ಕ ತಪ್ಪಿದೆ. ಒಂದು ಥ್ರೆಡ್ ರಿಪೇರಿ ಮಾಡಿ ಆನೋಡ್ ಬಿಟ್ಟರೆ ಮುಂದಿನ ಬಾರಿ ಪಕ್ಕದ ರಂಧ್ರಗಳ ಸರದಿ.

ವಿಪರೀತ ಬಲದ ವಿಷಯಕ್ಕೆ ಬಂದರೆ, ಅಲ್ಯೂಮಿನಿಯಂನಲ್ಲಿ ಎಂ6 ಬೋಲ್ಟಿಗೆ ಬೇಕಾದ ಟಾರ್ಕ್ (ತಿರುಗಿಸುವ ಬಲ) ಸಾಮಾನ್ಯವಾಗಿ 10 ನ್ಯೂಟನ್ ಮೀಟರ್ ದಾಟುವುದಿಲ್ಲ. ಎಂ8ಕ್ಕೆ 20ರ ಆಸುಪಾಸು. ನಿಮ್ಮ ಮಾದರಿಯ ಸರ್ವಿಸ್ ಕೈಪಿಡಿ ಹೇಳಿದ್ದೇ ಅಂತಿಮ. 10 ನ್ಯೂಟನ್ ಮೀಟರ್ ಎಂದರೆ 15 ಸೆಂ.ಮೀ. ಉದ್ದದ ಸ್ಪ್ಯಾನರ್ ತುದಿಯಲ್ಲಿ 7 ಕೆ.ಜಿ.ಯಷ್ಟು ಬಲ, ಅಷ್ಟೇ. 25 ಸೆಂ.ಮೀ.ಯ ರ‍್ಯಾಚೆಟ್ ಹಿಡಿದರೆ 4 ಕೆ.ಜಿ. ಸಾಕು, ಅದು ಕೈ ಬೀಸುವ ಬಲ. ಎಂ6 ಬೋಲ್ಟಿಗೆ ಉದ್ದನೆಯ ರ‍್ಯಾಚೆಟ್ ತೊಡಿಸುವುದು ಥ್ರೆಡ್ ಕೀಳಲು ಹಾಕಿಕೊಟ್ಟ ಮೇಲ್ಪಂಕ್ತಿ. ಇನ್ನೊಂದು ವಿಷಯ ಬಹಳ ಜನರಿಗೆ ಹೊಳೆಯುವುದಿಲ್ಲ: ಒಣ ಥ್ರೆಡ್‌ಗೆ ಕೊಟ್ಟ ಟಾರ್ಕ್ ಅಂಕಿಯನ್ನೇ ಗ್ರೀಸ್ ಹಚ್ಚಿದ ಬೋಲ್ಟಿಗೂ ಬಳಸಿದರೆ, ಘರ್ಷಣೆ ಕಡಿಮೆಯಾಗಿ ಥ್ರೆಡ್ ಮೇಲೆ ಬೀಳುವ ಎಳೆತ ಗಣನೀಯವಾಗಿ ಏರುತ್ತದೆ. ಟಾರ್ಕ್ ವ್ರೆಂಚ್ ಬಳಸಿಯೂ ಥ್ರೆಡ್ ಹೋಯಿತೆಂದರೆ ಇದನ್ನೇ ಶಂಕಿಸಿ.

ಜಾಗ ಯಾವುದು ಎಂಬುದರ ಮೇಲೆ ನಿರ್ಧಾರ

ಎಲ್ಲ ಬೋಲ್ಟುಗಳ ಹೊಣೆ ಒಂದೇ ಅಲ್ಲ. ಕೆಳಗಿನ ಗೇರ್‌ಕೇಸನ್ನು ನಡುಭಾಗಕ್ಕೆ ಹಿಡಿದಿಡುವ ಬೋಲ್ಟುಗಳ ವಿಷಯದಲ್ಲಿ ರಾಜಿ ಬೇಡ. ಪ್ರೊಪೆಲ್ಲರ್‌ನ ನೂಕು, ತಳಕ್ಕೆ ಕಲ್ಲು ತಾಗಿದಾಗಿನ ಹೊಡೆತ ಎಲ್ಲವನ್ನೂ ತಡೆಯುವುದು ಅವು. ಅಲ್ಲಿ ಎಪಾಕ್ಸಿ ಪುಟ್ಟಿಯ ಮಾತೇ ಎತ್ತಬಾರದು. ಸಿಲಿಂಡರ್ ಹೆಡ್ ಮತ್ತು ಎಕ್ಸಾಸ್ಟ್ ಮುಚ್ಚಳದ ಬೋಲ್ಟುಗಳೂ ಇದೇ ಸಾಲಿನವು. ಬಿಸಿಯ ಜೊತೆ ಒತ್ತಡವೂ ಇರುತ್ತದೆ.

ಥರ್ಮೋಸ್ಟಾಟ್ ಮುಚ್ಚಳ, ನೀರಿನ ಪಂಪಿನ ಕವಚ: ಭಾರ ಕಡಿಮೆ, ಆದರೆ ರಂಧ್ರ ನೀರಿನ ದಾರಿಯ ಅಂಚಿನಲ್ಲಿರುತ್ತದೆ. ಸ್ವಲ್ಪ ಹೆಚ್ಚು ಆಳಕ್ಕೆ ಕೊರೆದರೆ ಆ ದಾರಿಗೇ ತೂತು ಬೀಳಬಹುದು. ಆನೋಡಿನ ಬೋಲ್ಟ್ ಮೇಲೆ ಭಾರವಿಲ್ಲ, ಆದರೆ ವಿದ್ಯುತ್ ಸಂಪರ್ಕ ಬೇಕು, ಹಾಗಾಗಿ ಅಲ್ಲಿಯೂ ಪುಟ್ಟಿ ಕೆಲಸಕ್ಕೆ ಬಾರದು. ಗೇರ್ ಆಯಿಲ್ ಇಳಿಸುವ ಸ್ಕ್ರೂ ಜಾಗದಲ್ಲಿ ಲೋಹದ ಸಿಪ್ಪೆ ಒಳಗೆ ಬಿದ್ದರೆ ನೇರವಾಗಿ ಗೇರು, ಬೇರಿಂಗುಗಳ ನಡುವೆ ಹೋಗುತ್ತದೆ. ಸ್ಕ್ರೂ ತುದಿಯ ಆಯಸ್ಕಾಂತ ಅಲ್ಯೂಮಿನಿಯಂ ಸಿಪ್ಪೆಯನ್ನು ಹಿಡಿಯುವುದಿಲ್ಲ.

ಸ್ಪಾರ್ಕ್ ಪ್ಲಗ್ ರಂಧ್ರ ಎಲ್ಲಕ್ಕಿಂತ ಕಠಿಣ. ಸಾಧ್ಯವಿದ್ದರೆ ಹೆಡ್ ಬಿಚ್ಚಿ ಮೇಜಿನ ಮೇಲಿಟ್ಟು ಮಾಡಿ. ಕೆಲವು ಹಳೆಯ ಎರಡು-ಸ್ಟ್ರೋಕ್ ಮೋಟಾರುಗಳಲ್ಲಿ ಹೆಡ್ ಪ್ರತ್ಯೇಕವಾಗಿ ಬರುವುದೇ ಇಲ್ಲ, ಬ್ಲಾಕಿನೊಂದಿಗೇ ಎರಕವಾಗಿರುತ್ತದೆ. ಅಂಥದ್ದರಲ್ಲಿ ಪ್ಲಗ್ ಥ್ರೆಡ್ ಹೋಗಿದ್ದರೆ ಈ ಕೆಲಸವನ್ನು ದಿನವೂ ಮಾಡುವವರ ಕೈಗೆ ಒಪ್ಪಿಸುವುದು ಜಾಣತನ.

ಕೊರೆಯದೆ ಮುಗಿಯುವ ಕೆಲಸ

ಮೇಲ್ಭಾಗದ ಎಳೆಗಳು ಮಾತ್ರ ಹೋಗಿ ಆಳದಲ್ಲಿ ಒಳ್ಳೆಯ ಎಳೆಗಳಿದ್ದರೆ ಉದ್ದನೆಯ ಬೋಲ್ಟೇ ಪರಿಹಾರ. ಒಂದು ಲೆಕ್ಕ ನೋಡಿ: 15 ಮಿ.ಮೀ. ದಪ್ಪದ ಮುಚ್ಚಳ, 25 ಮಿ.ಮೀ. ಉದ್ದದ ಎಂ6 ಬೋಲ್ಟ್. ರಂಧ್ರದೊಳಗೆ ಹೋಗುವುದು 10 ಮಿ.ಮೀ. ಥ್ರೆಡ್ ಇರುವುದು 24 ಮಿ.ಮೀ. ಆಳದವರೆಗೆ. 35 ಮಿ.ಮೀ.ಯ ಬೋಲ್ಟ್ ಹಾಕಿದರೆ ಅದು 20 ಮಿ.ಮೀ. ಒಳಗೆ ಹೋಗಿ, ಮುಟ್ಟಿಸಿಕೊಳ್ಳದ 10 ಮಿ.ಮೀ. ಥ್ರೆಡ್ ಹೊಸದಾಗಿ ಸಿಗುತ್ತದೆ, ತಳಕ್ಕೆ 4 ಮಿ.ಮೀ. ಉಳಿಯುತ್ತದೆ. ಎಂ6ಕ್ಕೆ ಬೇಕಾದ 9 ಮಿ.ಮೀ. ಹಿಡಿತ ಇಲ್ಲೇ ದೊರೆಯಿತು. ಹೊಸದಾಗಿ ಸಿಗುವುದು ಮೂರು ನಾಲ್ಕು ಎಳೆ ಮಾತ್ರ ಎಂದಾದರೆ ಈ ದಾರಿ ಬಿಡಿ, ಅವೂ ಕಿತ್ತು ಬರುತ್ತವೆ.

ಬಾಯಲ್ಲಿ ಮಾತ್ರ ಎಳೆ ಮಡಚಿದ್ದರೆ ಥ್ರೆಡ್ ಚೇಸರ್ ಹಾಕಿ ನೇರ ಮಾಡಿ. ಚೇಸರ್ ಮಡಚಿದ ಲೋಹವನ್ನು ಜಾಗಕ್ಕೆ ತಳ್ಳುತ್ತದೆ; ಥ್ರೆಡ್ ಕೊರೆಯುವ ಮಾಮೂಲಿ ಟ್ಯಾಪ್ ಅದನ್ನು ಕತ್ತರಿಸಿ ತೆಗೆಯುತ್ತದೆ. ಈಗಾಗಲೇ ಬಡಕಲಾದ ಥ್ರೆಡ್‌ನಲ್ಲಿ ಈ ವ್ಯತ್ಯಾಸ ದೊಡ್ಡದು.

ಆರಪಾರು ಹೋದ ರಂಧ್ರವಾಗಿದ್ದು ಹಿಂಬದಿಗೆ ಕೈ ಹೋಗುವಂತಿದ್ದರೆ ಉದ್ದನೆಯ ಬೋಲ್ಟಿಗೆ ಹಿಂದಿನಿಂದ ನಟ್ ಕೊಡುವುದರಲ್ಲಿ ಅವಮಾನವೇನೂ ಇಲ್ಲ. ಗಟ್ಟಿಯಾದ ಕೆಲಸ ಅದು.

ದೊಡ್ಡ ಬೋಲ್ಟ್ ಹಾಕಿ ಮುಗಿಸೋಣ ಎಂಬ ಯೋಚನೆಗೆ ಒಂದು ಮಾತು. ಎಂ6 ಹೋದರೆ ಎಂ8 ಕೊರೆಯುವುದು ಸುಲಭ ಎನಿಸುತ್ತದೆ. ಆದರೆ ಎಂ8 ಥ್ರೆಡ್ ಎರಕದಲ್ಲಿ 8 ಮಿ.ಮೀ. ವ್ಯಾಸ ತಿನ್ನುತ್ತದೆ, ಎಂ6ರ ಸುರುಳಿ ಇನ್ಸರ್ಟ್ (ರಂಧ್ರದೊಳಗೆ ಕೂರಿಸುವ ಹೊಸ ಥ್ರೆಡ್) ತಿನ್ನುವುದು ಸುಮಾರು 7.3 ಮಿ.ಮೀ. ಮಾತ್ರ. ಅಂದರೆ ದೊಡ್ಡ ಬೋಲ್ಟ್ ಹಾಕಿದರೆ ಹೆಚ್ಚು ಲೋಹ ಹೋಗುತ್ತದೆ, ಮೇಲಾಗಿ ಮುಚ್ಚಳದ ರಂಧ್ರವನ್ನೂ ಹಿಗ್ಗಿಸಬೇಕು, ಸಾಲಿನಲ್ಲಿ ಒಂದು ಬೋಲ್ಟ್ ಮಾತ್ರ ಬೇರೆಯಾಗಿ ಮುಂದಿನವರನ್ನು ಗೊಂದಲಕ್ಕೆ ಕೆಡವುತ್ತದೆ. ನಾನು ಇದನ್ನು ಯಾರಿಗೂ ಹೇಳುವುದಿಲ್ಲ.

ಇನ್ಸರ್ಟ್ ಹಾಕುವುದು

ಎರಡು ಬಗೆ. ಹೆಲಿಕಾಯಿಲ್ ಮಾದರಿಯದು ಸ್ಟೇನ್‌ಲೆಸ್ ತಂತಿಯ ಸುರುಳಿ: ಹೊರಮೈ ಎರಕದ ದೊಡ್ಡ ಥ್ರೆಡ್‌ನಲ್ಲಿ ಕೂರುತ್ತದೆ, ಒಳಮೈ ಮೂಲ ಅಳತೆಯ ಥ್ರೆಡ್ ಆಗುತ್ತದೆ. ಟೈಮ್‌ಸರ್ಟ್ ಮಾದರಿಯದು ಗಟ್ಟಿ ಬುಷ್, ಅಂದರೆ ಒಳಗೂ ಹೊರಗೂ ಎಳೆಯಿರುವ ಇಡಿಯ ಕೊಳವೆ. ಮಾಮೂಲಿ ಮುಚ್ಚಳ, ಗೇರ್‌ಕೇಸ್ ಬೋಲ್ಟುಗಳಿಗೆ ಸುರುಳಿ ಸಾಕು. ಅದನ್ನು ತೇಪೆ ಎಂದು ಭಾವಿಸಬೇಕಿಲ್ಲ. ಹೊರವ್ಯಾಸ ಹೆಚ್ಚಿರುವುದರಿಂದ ಎರಕದ ಮೇಲಿನ ಹಿಡಿತದ ಮೇಲ್ಮೈಯೂ ಹೆಚ್ಚುತ್ತದೆ, ಸರಿಯಾಗಿ ಕೂರಿಸಿದ ಇನ್ಸರ್ಟ್ ಮೂಲ ಅಲ್ಯೂಮಿನಿಯಂ ಥ್ರೆಡ್‌ಗಿಂತ ಗಟ್ಟಿ. ಸ್ಪಾರ್ಕ್ ಪ್ಲಗ್‌ಗೆ ಮಾತ್ರ ನನ್ನ ಆಯ್ಕೆ ಗಟ್ಟಿ ಬುಷ್. ಪದೇ ಪದೇ ಬಿಚ್ಚುವ ಜಾಗದಲ್ಲಿ ಸುರುಳಿ ಪ್ಲಗ್ ಜೊತೆಗೇ ಹೊರಬರುವ ಅಪಾಯವಿದೆ.

ಅಳತೆಗಳು: ಎಂ6ರ ಸುರುಳಿಗೆ 6.3 ಮಿ.ಮೀ. ಡ್ರಿಲ್, ಎಂ8ಕ್ಕೆ 8.3 ಅಥವಾ 8.4, 1.5 ಪಿಚ್‌ನ ಎಂ10ಕ್ಕೆ 10.4ರ ಆಸುಪಾಸು. ಕಿಟ್ ಜೊತೆ ಬಂದ ಡ್ರಿಲ್ಲನ್ನೇ ಬಳಸಿ. ಟ್ಯಾಪ್ ಕೂಡ ಕಿಟ್‌ನದೇ ಆಗಬೇಕು, ಅದರ ಹೊರವ್ಯಾಸ ಬೇರೆ ಯಾವ ಮಾಮೂಲಿ ಟ್ಯಾಪಿಗೂ ಹೊಂದುವುದಿಲ್ಲ. ತಳಮುಚ್ಚಿದ ರಂಧ್ರಕ್ಕೆ ತುದಿಯವರೆಗೂ ಕತ್ತರಿಸುವ ಬಾಟಮಿಂಗ್ ಟ್ಯಾಪ್ ಬೇಕು.

ಕೊರೆಯುವುದರಲ್ಲಿ ತೆಗೆಯಬೇಕಾದ ಲೋಹ ಅತ್ಯಲ್ಪ. ಕಷ್ಟ ಇರುವುದು ನೇರದಲ್ಲಿ. ಹಳೆಯ ರಂಧ್ರ ಓರೆಯಾಗಿ ಸವೆದಿದ್ದರೆ ಡ್ರಿಲ್ ಅದನ್ನೇ ಹಿಂಬಾಲಿಸುತ್ತದೆ. ಎಂ6ರ ಮುಚ್ಚಳದ ರಂಧ್ರ ಸಾಮಾನ್ಯವಾಗಿ 6.4ರಿಂದ 6.6 ಮಿ.ಮೀ. ಇರುವುದರಿಂದ 6.3ರ ಡ್ರಿಲ್ ಅದರ ಮೂಲಕ ಹಾದುಹೋಗುತ್ತದೆ. ಹಾಗಾಗಿ ಮುಚ್ಚಳವನ್ನು ಉಳಿದ ಬೋಲ್ಟುಗಳಿಂದ ಜಾಗದಲ್ಲೇ ಬಿಗಿದು, ಅದನ್ನೇ ದಾರಿ ತೋರುವ ಚೌಕಟ್ಟಾಗಿ ಬಳಸಬಹುದು. ಕೇಂದ್ರವೂ ತಪ್ಪುವುದಿಲ್ಲ, ನೇರವೂ ತಪ್ಪುವುದಿಲ್ಲ. ಮುಚ್ಚಳ ತೆಳುವಾಗಿದ್ದರೆ ದಪ್ಪನೆಯ ಲೋಹದ ತುಂಡಿನಲ್ಲಿ ಡ್ರಿಲ್ ಪ್ರೆಸ್‌ನಿಂದ ನೇರ ರಂಧ್ರ ಕೊರೆದು ಅದನ್ನು ಮೇಲೆ ಕ್ಲ್ಯಾಂಪ್ ಮಾಡಿ. ಮೂಲ ಆಳಕ್ಕಿಂತ ಒಂದಿಷ್ಟೂ ಕೆಳಗೆ ಹೋಗದಂತೆ ಡ್ರಿಲ್ಲಿಗೆ ಟೇಪ್ ಸುತ್ತಿ ಗುರುತು ಮಾಡಿ. ಅಲ್ಯೂಮಿನಿಯಂನಲ್ಲಿ ಡ್ರಿಲ್ ಒಮ್ಮೆಲೇ ಕಚ್ಚಿ ಒಳಗೆ ಎಳೆದುಕೊಳ್ಳುವ ಸ್ವಭಾವವಿದೆ. ವೇಗ ಕಡಿಮೆ ಇರಲಿ, ಎರಡೂ ಕೈಗಳಿಂದ ತಡೆದು ಹಿಡಿಯಿರಿ.

ಟ್ಯಾಪ್ ಹಾಕುವಾಗ ಸೀಮೆಎಣ್ಣೆ ಒಳ್ಳೆಯ ಜಾರುಕ. ಸಿಪ್ಪೆ ಒಳಗೆ ಬೀಳಬಾರದ ಜಾಗವಾದರೆ ಸೀಮೆಎಣ್ಣೆ ಬಿಟ್ಟು ಟ್ಯಾಪಿನ ತೋಡುಗಳಿಗೆ ದಪ್ಪ ಗ್ರೀಸ್ ಮೆತ್ತಿ, ಸಿಪ್ಪೆ ಅದರಲ್ಲೇ ಅಂಟಿ ಬರುತ್ತದೆ. ಮೊದಲ ಎರಡು ಸುತ್ತುಗಳಲ್ಲಿ ನಿಲ್ಲಿಸಿ, ಎರಡು ದಿಕ್ಕುಗಳಿಂದ ಮೂಲೆಮಟ್ಟ ಇಟ್ಟು ಟ್ಯಾಪ್ ಲಂಬವಾಗಿದೆಯೇ ನೋಡಿ. ಆಮೇಲೆ ತಿದ್ದಲಾಗದು. ಅರ್ಧ ಸುತ್ತು ಮುಂದೆ, ಕಾಲು ಸುತ್ತು ಹಿಂದೆ. ಹಿಂದಕ್ಕೆ ತಿರುಗಿಸಿದಾಗ ಸಿಪ್ಪೆ ಮುರಿಯುವ ಸಣ್ಣ ಕಿರುಕು ಕೈಗೆ ತಿಳಿಯುತ್ತದೆ. ಬಿಗಿ ಇದ್ದಕ್ಕಿದ್ದಂತೆ ಏರಿದರೆ ತಳ ಮುಟ್ಟಿದೆ ಅಥವಾ ಸಿಪ್ಪೆ ತುಂಬಿದೆ. ಪೂರ್ತಿ ಹೊರತೆಗೆದು ಶುಚಿ ಮಾಡಿ. ಟ್ಯಾಪ್ ಒಳಗೆ ಮುರಿದರೆ ಅದನ್ನು ಮಾಮೂಲಿ ಡ್ರಿಲ್ ಕೊರೆಯಲಾರದು.

ಈಗ ಸುರುಳಿ. ತುಸು ದೊಡ್ಡದಾಗಿಯೇ ಮಾಡಿರುವ ಅದು ಉಪಕರಣದ ತಿರುವಿನಲ್ಲಿ ಕುಗ್ಗಿ ಒಳಗೆ ಹೋಗಿ ನಂತರ ಹಿಗ್ಗಿ ಹಿಡಿಯುತ್ತದೆ. ಕೆಳಕ್ಕೆ ಅದುಮಬೇಡಿ, ತಿರುವೇ ಅದನ್ನು ಕರೆದೊಯ್ಯುತ್ತದೆ. ಅದುಮಿದರೆ ಒಂದು ಸುತ್ತು ಇನ್ನೊಂದರ ಮೇಲೆ ಹತ್ತಿ ಕೂರುತ್ತದೆ. ಮೇಲಿನ ತುದಿ ಎರಕದ ಮೇಲ್ಮೈಯಿಂದ ಕಾಲು ಸುತ್ತಿನಿಂದ ಅರ್ಧ ಸುತ್ತಿನಷ್ಟು ಒಳಗಿರಲಿ. ಇನ್ಸರ್ಟ್ ಕೂಡ ಸ್ಟೇನ್‌ಲೆಸ್ ಎಂಬುದನ್ನು ಮರೆಯಬೇಡಿ: ಉಪ್ಪುನೀರಿನಲ್ಲಿ ಅದೂ ಅಲ್ಯೂಮಿನಿಯಂ ಜೊತೆ ಅದೇ ಬ್ಯಾಟರಿ ಕಟ್ಟುತ್ತದೆ. ಕೂರಿಸುವ ಮೊದಲು ಹೊರಮೈಗೆ ಪಿಟಿಎಫ್‌ಇ (ಟೆಫ್ಲಾನ್) ಇರುವ ಮರೀನ್ ಪೇಸ್ಟ್ ತೆಳುವಾಗಿ ಸವರಿ.

ತಳದಲ್ಲಿ ಸುರುಳಿಗೆ ಅಡ್ಡಲಾಗಿ ಒಂದು ಕೊಕ್ಕೆ ಇರುತ್ತದೆ. ಆರಪಾರು ರಂಧ್ರದಲ್ಲಿ, ಅಥವಾ ಬೋಲ್ಟ್ ಅಲ್ಲಿಯವರೆಗೆ ಹೋಗುವಂತಿದ್ದರೆ, ಅದನ್ನು ಮುರಿಯಲೇಬೇಕು. ಕಿಟ್‌ನ ಪಂಚ್ ಇಟ್ಟು ಸುತ್ತಿಗೆಯ ಒಂದೇ ಚುರುಕಾದ ಹೊಡೆತ. ಟಿಕ್ ಎಂಬ ಸದ್ದಿನೊಂದಿಗೆ ಅದು ಕಳಚುತ್ತದೆ. ಮೆತ್ತಗೆ ಬಡಿದರೆ ಕೊಕ್ಕೆ ಮಣಿದು ಸುರುಳಿಯನ್ನೂ ಎಳೆಯುತ್ತದೆ. ಕಳಚಿದ ತುಂಡನ್ನು ಆಯಸ್ಕಾಂತಕ್ಕೆ ನಂಬಿ ಬಿಡಬೇಡಿ, ಸ್ಟೇನ್‌ಲೆಸ್ ಅದಕ್ಕೆ ಅಷ್ಟಾಗಿ ಅಂಟುವುದಿಲ್ಲ; ಚಿಮಟ ಅಥವಾ ಕಡ್ಡಿ ತುದಿಯ ಗ್ರೀಸ್‌ನಿಂದ ಎತ್ತಿ, ಕಣ್ಣಾರೆ ನೋಡಿ ಬದಿಗಿಡಿ.

ರಂಧ್ರ ನೀರಿನ ಅಥವಾ ಎಣ್ಣೆಯ ಕೋಣೆಗೆ ತೆರೆದುಕೊಂಡಿದ್ದರೆ ಇನ್ನೊಂದು ಎಚ್ಚರ ಬೇಕು. ಸುರುಳಿ ಇನ್ಸರ್ಟ್ ಸೋರಿಕೆ ತಡೆಯುವುದಿಲ್ಲ; ಸುತ್ತಿನ ಹಿಂದಿನಿಂದ ದ್ರವ ಹತ್ತಿ ಬರುತ್ತದೆ. ಅಲ್ಲಿ ಇನ್ಸರ್ಟಿನ ಹೊರಮೈಗೂ ಬೋಲ್ಟಿನ ಎಳೆಗೂ ಆ ದ್ರವಕ್ಕೆ ತಾಳುವ ಸೀಲಂಟ್ ಬೇಕು.

ಮುರಿದ ಬೋಲ್ಟ್ ಒಳಗೇ ಉಳಿದಿದ್ದರೆ

ತಲೆ ಮುರಿಯುವ ಮೊದಲೇ ಸೂಚನೆ ಸಿಗುತ್ತದೆ: ಬೋಲ್ಟ್ ತಿರುಗುತ್ತಿಲ್ಲ, ಆದರೆ ಸ್ಪ್ಯಾನರ್ ರಬ್ಬರಿನ ಮೇಲೆ ಎಳೆದಂತೆ ಮಣಿಯುತ್ತದೆ. ಅಲ್ಲಿಗೆ ನಿಲ್ಲಿಸಿ ಕಾಯಿಸಿ. ಒಂದು ಡಿಗ್ರಿ ಬಿಸಿಗೆ ಅಲ್ಯೂಮಿನಿಯಂ ಮೀಟರಿಗೆ ಸುಮಾರು 23 ಮೈಕ್ರಾನ್ ಹಿಗ್ಗಿದರೆ ಸ್ಟೇನ್‌ಲೆಸ್ 17ರಷ್ಟು. ಆದ್ದರಿಂದ ಬೋಲ್ಟಿನ ಬದಲು ಸುತ್ತಲಿನ ಎರಕವನ್ನು ಕಾಯಿಸಬೇಕು. ಹೀಟ್ ಗನ್ ಸಾಕು. ಜ್ವಾಲೆ ಬಳಸುವುದಾದರೆ ನೆನಪಿಡಿ, ಅಲ್ಯೂಮಿನಿಯಂ ಕೆಂಪಗಾಗಿ ಎಚ್ಚರಿಸುವುದಿಲ್ಲ. ಬಣ್ಣ ಬದಲಾಗದೆ ಒಮ್ಮೆಗೇ ಕುಸಿಯುತ್ತದೆ. ತುಕ್ಕು ಬಿಡಿಸಲು ಸಂದಿಗೆ ನುಗ್ಗುವ ಎಣ್ಣೆ ಹಾಕಿದ್ದರೆ ಜ್ವಾಲೆ ಬೇಡವೇ ಬೇಡ. ಬಿಸಿ ಇರುವಾಗ ಮೊದಲು ಬಿಗಿಯುವ ಕಡೆಗೆ ಒಂದಿಷ್ಟು, ಆಮೇಲೆ ಬಿಚ್ಚುವ ಕಡೆಗೆ. ಕೂದಲೆಳೆಯಷ್ಟು ಅಲುಗಿದರೂ ಕೆಲಸ ಮುಂದುವರಿಯುತ್ತದೆ.

ಮುರಿದೇ ಹೋದರೆ, ತುಂಡು ಹೊರಗೆ ಚಾಚಿಕೊಂಡಿದ್ದರೆ ಅದಕ್ಕೆ ನಟ್ ವೆಲ್ಡ್ ಮಾಡಿಸುವುದೇ ಉತ್ತಮ ದಾರಿ. ಉಕ್ಕಿನ ವೆಲ್ಡಿಂಗ್ ಅಲ್ಯೂಮಿನಿಯಂಗೆ ಅಂಟುವುದಿಲ್ಲ, ಬಿಸಿಯೂ ಸಹಾಯ ಮಾಡುತ್ತದೆ. ಒಳಗೇ ಉಳಿದಿದ್ದರೆ ನಟ್ಟನಡುವೆ ಪಂಚ್ ಮಾಡಿ, ಕೋಬಾಲ್ಟ್ ಡ್ರಿಲ್ಲಿನಿಂದ ನಿಧಾನ ವೇಗದಲ್ಲಿ, ಬಿಡದ ಒತ್ತಡದಿಂದ ಕೊರೆಯಿರಿ. ಸ್ಟೇನ್‌ಲೆಸ್ ಮೇಲೆ ಡ್ರಿಲ್ ಕತ್ತರಿಸದೆ ಸುಮ್ಮನೆ ಉಜ್ಜಿದರೆ ಆ ಮೇಲ್ಮೈ ಇನ್ನೂ ಗಡುಸಾಗುತ್ತದೆ. ಎಡಕ್ಕೆ ತಿರುಗಿ ಕೊರೆಯುವ ಡ್ರಿಲ್ ಬಿಟ್ ಸಿಕ್ಕಿದರೆ ಅದೇ ಮೇಲು, ಕೊರೆಯುತ್ತಲೇ ತುಂಡು ಬಿಚ್ಚಿಕೊಂಡು ಬರುವುದುಂಟು. ಎಂ6ರಷ್ಟು ಸಣ್ಣ ಬೋಲ್ಟಿಗೆ ಎಕ್ಸ್‌ಟ್ರಾಕ್ಟರ್ (ಕೊರೆದ ತೂತಿಗೆ ಕಚ್ಚಿಸಿ ತುಂಡನ್ನು ತಿರುಗಿಸಿ ತೆಗೆಯುವ ಗಡುಸು ಕಡ್ಡಿ) ಹಾಕುವುದನ್ನು ನಾನು ಬಲವಾಗಿ ವಿರೋಧಿಸುತ್ತೇನೆ. ತುಕ್ಕಿನಿಂದ ಕಚ್ಚಿ ತಲೆಯೇ ಮುರಿದ ಬೋಲ್ಟನ್ನು ಅದಕ್ಕಿಂತ ತೆಳುವಾದ ಕಡ್ಡಿ ತಿರುಗಿಸಲಾರದು. ಕಡ್ಡಿ ಮುರಿದರೆ ಅದರಷ್ಟು ಗಡುಸಾದದ್ದು ಇನ್ನೊಂದಿಲ್ಲ.

ಮರುಜೋಡಣೆ ಮತ್ತು ಪರೀಕ್ಷೆ

ಪ್ರತಿ ಬೋಲ್ಟಿನ ಎಳೆಗೂ ಮರೀನ್ ಗ್ರೀಸ್ ಅಥವಾ ಆ ಪಿಟಿಎಫ್‌ಇ ಪೇಸ್ಟ್ ತೆಳುವಾಗಿ ಹಚ್ಚಿ, ರಂಧ್ರಕ್ಕೆ ತುಂಬಬೇಡಿ. ಬೋಲ್ಟ್ ಕಚ್ಚಿಕೊಳ್ಳದಂತೆ ಹಚ್ಚುವ, ತಾಮ್ರ ಅಥವಾ ಗ್ರಾಫೈಟ್ ಇರುವ ಆಂಟಿ-ಸೀಜ್ ಲೇಪ ಉಪ್ಪುನೀರಿನ ಅಲ್ಯೂಮಿನಿಯಂಗೆ ಸಲ್ಲದು. ಸವೆತವನ್ನು ಅವು ಹೆಚ್ಚಿಸುತ್ತವೆ. ಕೈಪಿಡಿ ಥ್ರೆಡ್‌ಲಾಕರ್ (ಬೋಲ್ಟ್ ಸಡಿಲವಾಗದಂತೆ ಹಿಡಿಯುವ ಅಂಟು) ಹೇಳಿದ ಕಡೆ ಗ್ರೀಸ್ ಹಚ್ಚಬೇಡಿ, ನೀಲಿ ಬಣ್ಣದ ಮಧ್ಯಮ ಶಕ್ತಿಯದನ್ನೇ ಬಳಸಿ. ಆನೋಡ್ ಕೂರುವ ಮುಖಕ್ಕೆ ಗ್ರೀಸೂ ಬೇಡ, ಬಣ್ಣವೂ ಬೇಡ.

ಎಲ್ಲ ಬೋಲ್ಟುಗಳನ್ನೂ ಮೊದಲು ಬೆರಳಿನಿಂದಲೇ ಹಿಡಿಸಿ. ಮೊದಲ ಎಳೆ ಹಿಡಿಯಲು ಒಂದು ಉಪಾಯವಿದೆ: ಬೋಲ್ಟನ್ನು ರಂಧ್ರದ ಬಾಯಲ್ಲಿಟ್ಟು ಎಡಕ್ಕೆ ತಿರುಗಿಸಿ, ಎಳೆ ಜಾಗಕ್ಕೆ ಬಿದ್ದಾಗ ಬೆರಳಿಗೆ ಸಣ್ಣ ಕುಸಿತ ತಿಳಿಯುತ್ತದೆ; ಅಲ್ಲಿಂದ ಬಲಕ್ಕೆ. ಓರೆ ಬೀಳುವ ಸಾಧ್ಯತೆ ಹೀಗೆ ಬಹುಮಟ್ಟಿಗೆ ತಪ್ಪುತ್ತದೆ. ನಂತರ ಅಡ್ಡಡ್ಡವಾಗಿ, ಎರಡು ಹಂತಗಳಲ್ಲಿ, ಟಾರ್ಕ್ ವ್ರೆಂಚ್‌ನಿಂದ ಬಿಗಿಯಿರಿ. ಕೈಪಿಡಿಯ ಅಂಕಿ ಒಣ ಥ್ರೆಡ್‌ನದಾಗಿದ್ದರೆ ಗ್ರೀಸ್ ಹಚ್ಚಿದ್ದಕ್ಕೆ ಕಾಲು ಭಾಗದಷ್ಟು ತಗ್ಗಿಸಿ.

ಗೇರ್‌ಕೇಸ್ ಕಡೆಯ ಕೆಲಸವಾದರೆ ಎಣ್ಣೆ ತುಂಬುವ ಮೊದಲು ಕೈಪಿಡಿ ಹೇಳಿದಷ್ಟು ಗಾಳಿಯ ಒತ್ತಡ ಕೊಟ್ಟು, ಸೋಪಿನ ನೀರು ಸವರಿ, ಗುಳ್ಳೆ ಏಳುತ್ತದೆಯೇ ನೋಡಿ. ನೀರಿನ ದಾರಿಯ ಬಳಿ ಕೊರೆದಿದ್ದರೆ ಥರ್ಮೋಸ್ಟಾಟ್ ತೆಗೆದಿರುವಾಗಲೇ ಒಳಗೆಲ್ಲ ನೀರು ಹಾಯಿಸಿ ಸಿಪ್ಪೆ ತೊಳೆದುಬಿಡಿ. ಮೋಟಾರನ್ನು ನೀರಿಲ್ಲದೆ ಚಾಲೂ ಮಾಡಬೇಡಿ, ಪಂಪಿನೊಳಗೆ ನೀರು ತಳ್ಳುವ ರಬ್ಬರ್ ಚಕ್ರ (ಇಂಪೆಲ್ಲರ್) ಅಷ್ಟರಲ್ಲೇ ಸುಟ್ಟುಹೋಗುತ್ತದೆ. ಚಾಲೂ ಆದ ಮೇಲೆ ಹಿಂಬದಿಯ ಸೂಚಕ ರಂಧ್ರದಿಂದ ಚಿಮ್ಮುವ ನೀರನ್ನು ನೋಡಿ. ಧಾರೆ ಮೊದಲಿಗಿಂತ ಸಣ್ಣದಾಗಿದ್ದರೆ ಸಿಪ್ಪೆ ಅಲ್ಲಿ ಕೂತಿದೆ, ಎಂಜಿನ್ ನಿಲ್ಲಿಸಿ ತೆಳು ತಂತಿಯಿಂದ ಬಿಡಿಸಿ. ಮೊದಲ ಓಟದ ನಂತರ ಎಂಜಿನ್ ಪೂರ್ತಿ ತಣ್ಣಗಾದ ಮೇಲೆ ಗ್ರೀಸ್ ಹಚ್ಚಿದ ಬೋಲ್ಟುಗಳಿಗೆ ಅದೇ ಅಂಕಿಯಲ್ಲಿ ಮತ್ತೊಮ್ಮೆ ವ್ರೆಂಚ್ ಇಡಿ. ಥ್ರೆಡ್‌ಲಾಕರ್ ಹಾಕಿದವನ್ನು ಮುಟ್ಟಬೇಡಿ, ಒಣಗಿದ ಅಂಟು ಒಡೆದರೆ ಅದರ ಹಿಡಿತ ಹೋಗುತ್ತದೆ.